ಬ್ರೇಕ್ ಫೇಲ್! ಖಳನಾಯಕ ಯಾರು?

ಸೀನು ನಿಮಗೆಲ್ಲ ಬಾಯಿಪಾಠ. ಬಂಗಲೆ ಮುಂದೆ ಹೀರೋ ಕಾರು ನಿಂತಿದೆ. ನಡುರಾತ್ರಿ. ಬೀಡಿ ಸೇದುತ್ತಿದ್ದ ಕರಿ ಬನಿಯನ್ ಆಸಾಮಿ ಅತ್ತಿತ್ತ ನೋಡಿ ಕಾರಿನ ಕೆಳಗೆ ತೂರುತ್ತಾನೆ. ಕೈಯಲ್ಲಿ ಕಟಿಂಗ್ ಪ್ಲೇಯರ್. ಕಟಕ್! ತೊಟ್ಟು ತೊಟ್ಟಾಗಿ ಎಣ್ಣೆ ಸೋರುತ್ತೆ. ಬೆಳಗಾದರೆ ಹೀರೋ, ತಾಯಿ, ತಂಗಿ ಎಲ್ಲರೂ ನಗುನಗುತ್ತಾ ಘಾಟಿ ಇಳಿಯುತ್ತಿದ್ದಾರೆ. ಪೆಡಲ್ ಮೇಲಿನ ಕಾಲಿನ ಕ್ಲೋಸಪ್. ಒತ್ತಿದ... ಇಲ್ಲ! ಮತ್ತೆ ಒತ್ತಿದ... ಇಲ್ಲ! ತಿರುವಿನಲ್ಲಿ ಎದುರಿಗೆ ಲಾರಿ! ಗಾಂಧಿ ಕ್ಲಾಸಿನಲ್ಲಿ ನಾವು ಉಗುರು ಕಚ್ಚುತ್ತಾ ಕೂತಿರುತ್ತೇವೆ.

ಈ ಸೀನನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ 2019ರ ಜನವರಿಯಲ್ಲಿ ಒಂದು ದಿನ, ಚಾರ್ಮಾಡಿ ಘಾಟಿಯಲ್ಲಿ, ಅದೇ ಸೀನಿನೊಳಗೆ ನಾನೇ ಕೂತಿದ್ದೆ. ಡ್ಯೂಪ್ ಇಲ್ಲ. ಫೈಟ್ ಮಾಸ್ಟರ್ ಇಲ್ಲ. 'ಕಟ್' ಅನ್ನೋಕೆ ಡೈರೆಕ್ಟರೂ ಇಲ್ಲ. ನಮ್ಮ ಕಾರಿನ ಕೆಳಗೆ ಯಾವ ಕರಿ ಬನಿಯನ್ನೂ ತೂರಿರಲಿಲ್ಲ. ಆದರೂ ಬ್ರೇಕ್ ಹೋಯಿತು!

ಸಿನಿಮಾ ಪತ್ರಿಕೆಯಲ್ಲಿ ಕಾರಿನ ಕಥೆ ಯಾಕಪ್ಪಾ ಅಂತ ಪುಟ ತಿರುಗಿಸಬೇಡಿ ಮಿತ್ರರೇ. ನಿಮ್ಮ ಮೆಚ್ಚಿನ ನಟಿಯ ಫೋಟೋ ಎಲ್ಲಿಗೂ ಓಡಿಹೋಗಲ್ಲ. ಈ ಪತ್ರಿಕೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಓದುವ ನಿಮ್ಮಲ್ಲಿ ಅರ್ಧ ಜನ ಸ್ಟೇರಿಂಗ್ ಹಿಡಿಯುವವರು, ಇನ್ನರ್ಧ ಹಿಡಿಯುವ ಕನಸಿನವರು ಅಂತ ನನಗೆ ಗೊತ್ತು.

ನನ್ನ ಊರು ಚಿಕ್ಕಮಗಳೂರು. ಸೆಕೆಂಡ್ ಪಿಯುಸಿ ಅರ್ಧಕ್ಕೇ ಬಿಟ್ಟು, ಅಲ್ಲಿ ಇಲ್ಲಿ ಬರೆದು ಹೊಟ್ಟೆ ಹೊರೆಯುವವನು. 2018ರಲ್ಲಿ ಕೂಡಿಟ್ಟ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ 65,000 ರೂಪಾಯಿಗೆ ಒಂದು ಮಾರುತಿ 800 ತಗೊಂಡೆ. 2006ರ ಮಾಡೆಲ್, ಬಿಳಿ ಬಣ್ಣ, ಎಡಗಡೆ ಬಾಗಿಲಿಗೆ ಒಂದು ಗುನ್ನ. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಅದು. 796 ಸಿ.ಸಿ., ಮೂರೇ ಸಿಲಿಂಡರ್. ಆಡಿಕೊಳ್ಳುವವರು 'ಬೆಂಕಿಪೊಟ್ಟಣ' ಅಂದರು. ಅನ್ನಲಿ ಬಿಡಿ. ನಮ್ಮ ವಂಶದಲ್ಲಿ ಸ್ವಂತ ಕಾರು ಕಂಡವನು ನಾನೇ ಮೊದಲಿಗ!

ಕಾರು ಬಂದ ಮೇಲೆ ಭಾನುವಾರದ ಮ್ಯಾಟಿನಿಗೂ ಮುಂಚೆ ನನ್ನ ಹಾಜರಿ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಗ್ಯಾರೇಜಿನಲ್ಲಿ. ಅಲ್ಲಿ ದರ್ಬಾರು ನಡೆಯುತ್ತೆ. ಟ್ಯಾಕ್ಸಿಯವರು, ಆಟೋದವರು, ಎಸ್ಟೇಟ್ ಜೀಪಿನ ಡ್ರೈವರುಗಳು, ನನ್ನಂಥ ಸೆಕೆಂಡ್ ಹ್ಯಾಂಡ್ ಸಾಹುಕಾರರು. ಒಬ್ಬೊಬ್ಬರ ಕೈಯಲ್ಲೂ ಒಂದು ಟೀ ಗ್ಲಾಸು, ಬಾಯಲ್ಲಿ ಒಂದು ಸಿದ್ಧಾಂತ. ಗೋಡೆಯ ಮೇಲೆ ಶಂಕರ್‌ನಾಗ್ ಫೋಟೋ. 1980ರ 'ಆಟೋ ರಾಜ' ಬಂದಾಗಿನಿಂದ ಅವರು ಆಟೋದವರ ಮನೆದೇವರು ತಾನೇ? 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಇನ್ನೂ 35. ಹುಡುಗರು 'ನಾನು ನೂರಾ ಇಪ್ಪತ್ತರಲ್ಲಿ ಬಂದೆ' ಅಂತ ಕೊಚ್ಚಿಕೊಳ್ಳುವಾಗ ನಮ್ಮ ಮೇಸ್ತ್ರಿ ಮಾತಾಡಲ್ಲ. ಸ್ಪ್ಯಾನರ್ ಎತ್ತಿ ಆ ಫೋಟೋ ಕಡೆ ತೋರಿಸುತ್ತಾನೆ, ಅಷ್ಟೇ.

ದರ್ಬಾರಿನ ಪ್ರಶ್ನೆಗಳು ಎಲ್ಲ ಊರಿನಲ್ಲೂ ಅವೇ. ಬೆಳಿಗ್ಗೆ ಹೊತ್ತು ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಬರುತ್ತಾ? (ಇಲ್ಲ ಸ್ವಾಮಿ. ಬಂಕಿನ ಟ್ಯಾಂಕ್ ಇರೋದು ನೆಲದೊಳಗೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಶಾಖ ಹೆಚ್ಚು ಬದಲಾಗಲ್ಲ. ಹತ್ತು ಡಿಗ್ರಿ ಬದಲಾದರೂ ವ್ಯತ್ಯಾಸ ನೂರಕ್ಕೆ ಒಂದು ಪಾಲು.) 100 ರೂಪಾಯಿ ಬದಲು 110ಕ್ಕೆ ಹಾಕಿಸಿದರೆ ಮೋಸ ಇರಲ್ಲವಂತೆ, ನಿಜವಾ? (ಅನುಮಾನ ಇದ್ದರೆ ಬಂಕಿನಲ್ಲಿ 5 ಲೀಟರಿನ ಅಳತೆ ಪಾತ್ರೆ ಇಟ್ಟಿರಲೇಬೇಕು, ಅಳೆದು ತೋರಿಸಿ ಅಂತ ಕೇಳಿ. ಕೇಳೋಕೆ ನಾಚಿಕೆಪಟ್ಟುಕೊಂಡು 110ರ ಮಂತ್ರ ಹಾಕಿದರೆ ಏನೂ ಪ್ರಯೋಜನವಿಲ್ಲ.) ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ಹಾಗೇ ಬಿಡಬೇಕಾ? ಇದಕ್ಕೆ ಆಮೇಲೆ ಬರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಟೀ ಖರ್ಚಾದ ಪ್ರಶ್ನೆ ಮಾತ್ರ ಒಂದೇ. ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತಾ?

ಈ ವಿಷಯದಲ್ಲಿ ದರ್ಬಾರಿನ ಸುಪ್ರೀಂ ಕೋರ್ಟು ನಮ್ಮ ಮಾವ. ಅಮ್ಮನ ಸ್ವಂತ ಅಣ್ಣ. 1984ರಿಂದ ಮೂವತ್ತು ವರ್ಷಕ್ಕೂ ಮೇಲೆ ಟ್ಯಾಕ್ಸಿ ಓಡಿಸಿದವರು. ಮೊದಲು ಫಿಯೆಟ್, ಅಂದರೆ ಪ್ರೀಮಿಯರ್ ಪದ್ಮಿನಿ. ಆಮೇಲೆ ಬೇರೆ ಬೇರೆ ಗಾಡಿ. ನನಗೆ ಕ್ಲಚ್ ಬಿಡೋದು ಕಲಿಸಿದವರೂ ಅವರೇ. 'ಲೇ ಅಳಿಯ, ದೇವರು ಬೆಟ್ಟ ಮಾಡಿರೋದು ಯಾಕೆ? ಹತ್ತುವಾಗ ದುಡ್ಡು ಕೊಡು, ಇಳಿಯುವಾಗ ಪುಕ್ಕಟೆ ಹೋಗು ಅಂತ!' ಇದು ಅವರ ತೀರ್ಪು. ಮೇಲ್ಮನವಿ ಇಲ್ಲ.

ಆ ಜನವರಿಯಲ್ಲಿ ಅಕ್ಕನ ಮಗನಿಗೆ ಧರ್ಮಸ್ಥಳದಲ್ಲಿ ಮುಡಿ ಕೊಡೋದಿತ್ತು. ಹುಡುಗನಿಗೆ ಆಗ ನಾಲ್ಕು ವರ್ಷ. ನನ್ನ ಪಕ್ಕ ಮಾವ, ಹಿಂದೆ ಅಮ್ಮ, ಅಕ್ಕ, ಅಕ್ಕನ ತೊಡೆಯ ಮೇಲೆ ಹುಡುಗ. ಡಿಕ್ಕಿಯಲ್ಲಿ ಚಿತ್ರಾನ್ನದ ಡಬ್ಬಿ, ಬಟ್ಟೆ ಗಂಟು. ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ಮಂಜು ನೋಡುತ್ತಾ ನೀರುದೋಸೆ ತಿಂದೆವು. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿ ಕಾಣಿಕೆ ಹಾಕಿದೆವು. ಚಾರ್ಮಾಡಿಯಲ್ಲಿ ಓಡಾಡುವ ಡ್ರೈವರುಗಳು ಅಲ್ಲಿ ಕೈ ಮುಗಿಯದೆ ಮುಂದೆ ಹೋಗಲ್ಲ. ಕೈ ಮುಗಿದು ಸೀಟಿಗೆ ಬಂದ ಮಾವ ಬೆರಳು ಆಡಿಸಿದರು: 'ಹೂಂ, ಇನ್ನು ನ್ಯೂಟ್ರಲ್.'

ಹಾಕಿದೆ. ಎಂಜಿನ್ ಸದ್ದು ಸಣ್ಣಗಾಯಿತು. ಗಾಡಿ ತಾನಾಗಿ ತೇಲಿತು. ಆ ಸುಖ ಅನುಭವಿಸಿದವರಿಗೇ ಗೊತ್ತು. ಒಂದು ಕಡೆ ಕಾಡು, ಇನ್ನೊಂದು ಕಡೆ ಕಣಿವೆ ತುಂಬ ಬಿಳಿ ಮಂಜು. ನನ್ನ ಕಾಲು ಮಾತ್ರ ಬ್ರೇಕ್ ಮೇಲೇ ಇತ್ತು. ಸ್ವಲ್ಪ ಒತ್ತು, ಬಿಡು, ಮತ್ತೆ ಒತ್ತು. ಬರಬರುತ್ತಾ ಬಿಡೋದು ಕಮ್ಮಿಯಾಗಿ ಒತ್ತೋದೇ ಜಾಸ್ತಿಯಾಯಿತು. ಗೇರಿನಲ್ಲಿ ಇಲ್ಲದ ಗಾಡಿಯನ್ನು ಹಿಡಿಯೋಕೆ ಬ್ರೇಕ್ ಬಿಟ್ಟರೆ ಇನ್ನೇನಿದೆ?

'ಏನೋ ಸುಟ್ಟ ವಾಸನೆ ಬರ್ತಿದೆ ಕಣೋ' ಅಂದಳು ಅಕ್ಕ.

'ಮುಂದೆ ಹೋದ ಲಾರಿದು ಕಣಮ್ಮ' ಅಂದರು ಮಾವ.

ಮುಂದೆ ಯಾವ ಲಾರಿಯೂ ಹೋಗಿರಲಿಲ್ಲ.

ಇನ್ನೊಂದು ತಿರುವು ದಾಟಿ ಮುಂದಿನ ಇಳಿಜಾರಿಗೆ ಬಂದಾಗ ಪೆಡಲ್ ಒತ್ತಿದೆ. ಹಣ್ಣು ಹಿಸುಕಿದ ಹಾಗೆ ಮೆತ್ತಗಿತ್ತು. ಕಾಲು ತಳ ಮುಟ್ಟಿತು! ಸ್ಪೀಡೋಮೀಟರಿನ ಮುಳ್ಳು ಐವತ್ತು ದಾಟುತ್ತಿದೆ. ಕೆಳಗಿನ ತಿರುವಿನಲ್ಲಿ ಲೋಡ್ ಲಾರಿಯೊಂದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದೆ. ಸಿನಿಮಾದಲ್ಲಾದರೆ ಇಲ್ಲಿ ಹತ್ತು ಶಾಟ್ ಇರುತ್ತೆ. ನನಗೆ ನೆನಪಿರೋದು ಒಂದೇ ಶಾಟ್: ಡ್ಯಾಶ್‌ಬೋರ್ಡ್ ಮೇಲೆ ಒತ್ತಿ ಹಿಡಿದಿದ್ದ ಮಾವನ ಎರಡು ಕೈ.

ಪೆಡಲ್ಲನ್ನು ಪಂಪ್ ಹೊಡೆದ ಹಾಗೆ ಪಟಪಟ ಒತ್ತಿದೆ. ಚೂರು ಹಿಡಿಯಿತು, ಮತ್ತೆ ಹೋಯಿತು. ಕ್ಲಚ್ ಒತ್ತಿ ಮೂರನೇ ಗೇರಿಗೆ ತಳ್ಳಿದೆ. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಕಿರುಚಿತು, ಎಲ್ಲರೂ ಮುಂದಕ್ಕೆ ಮುಗ್ಗರಿಸಿದರು. ಆಮೇಲೆ ಎರಡನೇ ಗೇರು. ಇನ್ನೂ ಜೋರು ಕಿರುಚಾಟ. ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಎಳೆದೆ. ಅದು ತಂತಿಯಲ್ಲಿ ಎಳೆದು ಹಿಂದಿನ ಚಕ್ರ ಹಿಡಿಯುವ ಬ್ರೇಕು. ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಲಾರಿಯವನು ಹಾರನ್ ಮೇಲೆ ಕೈಯಿಟ್ಟು ನಿಂತೇಬಿಟ್ಟ. ನಾನು ಸ್ಟೇರಿಂಗ್ ತಿರುಗಿಸಿ ಗುಡ್ಡದ ಪಕ್ಕದ ಚರಂಡಿಗೆ ಮುಂದಿನ ಚಕ್ರ ಇಳಿಸಿದೆ. ದಡಕ್! ಗಾಡಿ ನಿಂತಿತು.

ಹುಡುಗ ಆಗ ಎದ್ದು ಕಣ್ಣುಜ್ಜಿಕೊಂಡು ಕೇಳಿದ: 'ದೇವಸ್ಥಾನ ಬಂತಾ?'

ಲಾರಿ ಡ್ರೈವರ್ ಇಳಿದು ಬಂದ. ಮಂಗಳೂರು ಕಡೆಯವನು. ಚಕ್ರದ ಹತ್ತಿರ ಕೈ ಒಡ್ಡಿ ನೋಡಿ ಸರಕ್ಕನೆ ಹಿಂದೆ ತೆಗೆದ. 'ಎಂತ ಮಾರಾಯ್ರೆ ಇದು, ನ್ಯೂಟ್ರಲಿನಲ್ಲಿ ಇಳಿದದ್ದಾ? ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು. ನಮಗೆ ಕ್ಲೀನರ್ ಆಗಿರುವಾಗಲೇ ಇದು ಹೇಳಿಕೊಡ್ತಾರೆ.' ಬಾಟಲಿ ಹಿಡಿದು ಬಂದ ಅಮ್ಮನನ್ನು ತಡೆದ. 'ನೀರು ಹಾಕಬೇಡಿ ಅಮ್ಮ, ಕಾದ ಡಿಸ್ಕು ಬಿರುಕು ಬಿಡ್ತದೆ. ಅರ್ಧ ಗಂಟೆ ಬಿಡಿ, ತಣ್ಣಗಾಗಲಿ.' ಅವನೂ ಕ್ಲೀನರೂ ಸೇರಿ ನಮ್ಮ ಬೆಂಕಿಪೊಟ್ಟಣವನ್ನು ಚರಂಡಿಯಿಂದ ಎತ್ತಿಟ್ಟು ಹೋದರು. ಆ ಪುಣ್ಯಾತ್ಮನ ಹೆಸರು ಕೇಳೋದನ್ನೂ ಮರೆತೆ.

ಚಮತ್ಕಾರ ಆದದ್ದು ಆಮೇಲೆ. ಅರ್ಧ ಗಂಟೆ ಕಳೆದು ಪೆಡಲ್ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ! ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ. ಮಾವ ತಾವೂ ಬಗ್ಗಿ ಕೈಯಿಂದ ಒತ್ತಿ ನೋಡಿದರು. 'ಬ್ರೇಕ್ ಸರಿಯಾಗೇ ಇದೆಯಲ್ಲೋ. ನಿನಗೆ ಕೈಕಾಲು ನಡುಗಿ ಏನೋ ಮಾಡ್ದೆ' ಅಂದರು.

ನನ್ನ ತಲೆ ಕೆಟ್ಟಿತು. ಅಮ್ಮನ ಎದುರಿಗೇ, ಅಕ್ಕನ ಎದುರಿಗೇ ಅಂದುಬಿಟ್ಟೆ: 'ನಿಮ್ಮ ಮಾತು ಕೇಳಿ ಐದು ಹೆಣ ಬೀಳ್ತಿತ್ತು ಮಾವ. ಮೂವತ್ತು ವರ್ಷ ಏನು ಓಡಿಸಿದ್ರೋ ಏನೋ.'

ಮಾವ ಒಂದೂ ಮಾತಾಡಲಿಲ್ಲ. ಮುಡಿ ಕೊಟ್ಟಾಯಿತು, ಊಟವೂ ಆಯಿತು. ವಾಪಸು ಹೊರಡುವಾಗ ನೋಡಿದರೆ ಮಾವ ಇಲ್ಲ. ಬಸ್ಸಿನಲ್ಲಿ ಹೋಗಿದ್ದರು. ಅಲ್ಲಿಂದ ಎಂಟು ತಿಂಗಳು ನಮ್ಮ ಮನೆಗೂ ಬರಲಿಲ್ಲ, ಗ್ಯಾರೇಜಿಗೂ ಬರಲಿಲ್ಲ. ಆ ವರ್ಷ ಆಗಸ್ಟಿನ ಮಳೆಗೆ ಚಾರ್ಮಾಡಿ ರಸ್ತೆ ಅಲ್ಲಲ್ಲಿ ಕುಸಿದು ಬಂದ್ ಆಯಿತು. ಪೇಪರಿನಲ್ಲಿ ಆ ಫೋಟೋ ನೋಡುತ್ತಾ ಅಮ್ಮ, 'ರಸ್ತೆ ರಿಪೇರಿ ಮಾಡಿಸ್ತಾರೆ, ನೀವಿಬ್ಬರು ಯಾವಾಗ?' ಅಂತ ಕೇಳಿದರು.

ಈಗ ಪತ್ತೇದಾರಿ ಭಾಗ. ಧರ್ಮಸ್ಥಳದಿಂದ ಬಂದ ಮಾರನೇ ದಿನವೇ ಗಾಡಿಯನ್ನು ಮೇಸ್ತ್ರಿ ಮುಂದೆ ನಿಲ್ಲಿಸಿದ್ದೆ. ಅವನು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ಕಾಫಿ ಡಿಕಾಕ್ಷನ್!

'ಇದನ್ನ ಯಾವಾಗ ಬದಲಾಯಿಸಿದ್ದು?'

'ಬದಲಾಯಿಸೋದಾ? ಕಮ್ಮಿಯಾದಾಗ ಟಾಪ್‌ಅಪ್ ಮಾಡಿಸ್ತೀನಲ್ಲ.'

ಮೇಸ್ತ್ರಿ ಹಣೆ ಚಚ್ಚಿಕೊಂಡ. ಬ್ರೇಕ್ ಆಯಿಲ್‌ಗೆ ಒಂದು ದುರಭ್ಯಾಸ ಇದೆ. ಗಾಳಿಯಲ್ಲಿರುವ ನೀರಿನ ಪಸೆಯನ್ನು ಮೆಲ್ಲಗೆ ಹೀರಿಕೊಳ್ಳುತ್ತೆ. ಡಾಟ್-3 ಅನ್ನುವ ಮಾಮೂಲಿ ಆಯಿಲ್ ಹೊಸದಿದ್ದಾಗ ಕಮ್ಮಿಯೆಂದರೂ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಹೀರಿಕೊಂಡ ಮೇಲೆ ಅದೇ ಮಿತಿ 140 ಡಿಗ್ರಿ. ಆಯಿಲ್ ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗಲ್ಲ, ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತೆ. ಗುಳ್ಳೆ ಕುಗ್ಗುತ್ತೆ, ಕಾಲು ತಳ ಮುಟ್ಟುತ್ತೆ, ಚಕ್ರಕ್ಕೆ ಸುದ್ದಿಯೇ ಹೋಗಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿ. ಅರ್ಧ ಗಂಟೆಯ ಚಮತ್ಕಾರ ಇಷ್ಟೇ! ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಪೂರ್ತಿ ಬದಲಾಯಿಸಬೇಕು. ನನ್ನ ಗಾಡಿಯದು ಯಾರ ಕಾಲದ್ದೋ.

ಅಂದಹಾಗೆ, ಆ ಕಟಿಂಗ್ ಪ್ಲೇಯರ್ ಸೀನಿನ ಬಗ್ಗೆಯೂ ಮೇಸ್ತ್ರಿಯನ್ನು ಕೇಳಿದೆ. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಬೇರೆ ಬೇರೆ ಲೈನ್ ಇರುತ್ತಂತೆ. ಒಂದು ಪೈಪ್ ಕತ್ತರಿಸಿದರೆ ಇನ್ನೊಂದು ಅರ್ಧಂಬರ್ಧವಾದರೂ ಹಿಡಿಯುತ್ತೆ. ಕಥೆಗಾರರು ಗಮನಿಸಲಿ.

ಶಾಖ ಎಲ್ಲಿಂದ ಬಂತು? ಮನುಷ್ಯರು, ಗಂಟುಮೂಟೆ ಸೇರಿ ನಮ್ಮ ಗಾಡಿ ಸುಮಾರು 1,000 ಕಿಲೋ ಅಂತ ಇಟ್ಟುಕೊಳ್ಳಿ. ಅದು 100 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಲ್ಲಿ ಮೂರು ಲೀಟರ್ ತಣ್ಣೀರನ್ನು ಕುದಿಯೋಕೆ ತರಬಹುದು. ಚಾರ್ಮಾಡಿ ಇಳಿಜಾರು ಅಂಥ ಎಷ್ಟೋ ನೂರು ಮೀಟರಿನದು. ಮದುವೆ ಮನೆಯ ಕಾಫಿ ಹಂಡೆಗಾಗುವಷ್ಟು ಬೆಂಕಿ! ಗೇರಿನಲ್ಲಿದ್ದರೆ ಅದರ ದೊಡ್ಡ ಪಾಲನ್ನು ಎಂಜಿನ್ ನುಂಗುತ್ತೆ. ನ್ಯೂಟ್ರಲಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬ್ರೇಕಿಗೇ. ಈ ಪಾಠ ಪಿಯುಸಿ ಫಿಸಿಕ್ಸಿನಲ್ಲೇ ಇತ್ತು. ಆ ಪಾಠ ಮಾಡಿದ ದಿನ ನಾನು ಮ್ಯಾಟಿನಿಯಲ್ಲಿದ್ದೆ.

ಹಾಗಾದರೆ ಖಳನಾಯಕ ಯಾರು? ಮಾವನ ನ್ಯೂಟ್ರಲ್ ಅರ್ಧ. ಇನ್ನರ್ಧ ಡಿಕಾಕ್ಷನ್ ಡಬ್ಬಿ, ಅಂದರೆ ನಾನು. ಅದು ಗೊತ್ತಾದ ಮೇಲೂ ಹೋಗಿ ಮಾವನ ಮುಂದೆ ನಿಲ್ಲೋಕೆ ನನಗೆ ಎಂಟು ತಿಂಗಳು ಬೇಕಾಯಿತು ನೋಡಿ.

ಸೆಪ್ಟೆಂಬರಿನಲ್ಲಿ ಸ್ನೇಹಿತನೊಬ್ಬನ ಹೊಸ ಕಾರು ಬಂತು. ಆ ಕ್ಷಣದಲ್ಲಿ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿದೆ ಅಂತ ಮೀಟರ್ ಬೋರ್ಡಿನಲ್ಲೇ ತೋರಿಸುವ ಕಾರು. ನನಗೊಂದು ನೆಪ ಸಿಕ್ಕಿತು. ಮಾವನ ಮನೆಗೆ ಹೋಗಿ, 'ಅವತ್ತು ಆಡಿದ ಮಾತು ತಪ್ಪಾಯ್ತು. ಬ್ರೇಕ್ ಆಯಿಲ್ ಹಾಳಾಗಿತ್ತು, ತಪ್ಪು ನನ್ನದೂ ಇತ್ತು' ಅಂದೆ. ಮಾವ, 'ಕಾಫಿ ಕುಡಿ' ಅಂದರು. ಅತ್ತೆ ಕೊಟ್ಟ ಕಾಫಿ ಕುಡಿದ ಮೇಲೆ ಮೂವರೂ ಮುಳ್ಳಯ್ಯನಗಿರಿ ಕಡೆ ಹೊರಟೆವು.

ಇಳಿಯುವಾಗ ಸ್ನೇಹಿತ ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದ. ಮೈಲೇಜಿನ ಗೆರೆ ಏರಿ ತುದಿ ಮುಟ್ಟಿ ನಿಂತಿತು. ಸ್ವಲ್ಪ ದೂರ ರಸ್ತೆ ನೆಟ್ಟಗಿದ್ದ ಕಡೆ, ಮೆಲ್ಲಗೆ ಹೋಗುವಾಗ, ಒಂದು ಕ್ಷಣ ನ್ಯೂಟ್ರಲ್ ಮಾಡಿದ. ಗೆರೆ ಕೆಳಗಿಳಿಯಿತು! ಮಾವ ಮುಂದಕ್ಕೆ ಬಗ್ಗಿ, 'ಇನ್ನೊಂದ್ಸಲ ಮಾಡಪ್ಪ' ಅಂದರು. ಮತ್ತೆ ಅದೇ.

ಕಾರಣ ಇಷ್ಟೇ. ಇಂಜೆಕ್ಷನ್ ಗಾಡಿಯ ಎಂಜಿನ್ನಿಗೆ ಒಂದು ಪುಟ್ಟ ಮೆದುಳಿದೆ. ಗೇರಿನಲ್ಲಿದ್ದು ಕಾಲು ಎತ್ತಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇನ್ನು ಪೆಟ್ರೋಲ್ ಯಾಕೆ ಅಂತ ಮೆದುಳು ಅದನ್ನು ನಿಲ್ಲಿಸಿಬಿಡುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರಿಹೋಗದಂತೆ ಕಾಪಾಡೋಕೆ ಮತ್ತೆ ಕುಡಿಸಲೇಬೇಕು. ಅಂದರೆ ನ್ಯೂಟ್ರಲಿನಲ್ಲಿ ಉಳಿತಾಯವಲ್ಲ, ಖರ್ಚು!

ಹಾಗಂತ ಮಾವ ಮೂವತ್ತು ವರ್ಷ ಹೇಳಿದ್ದು ಬರೀ ಬುರುಡೆಯಾ? ಅಲ್ಲ ಸ್ವಾಮಿ, ಇಲ್ಲೇ ಇರೋದು ಮಜಾ. ಪದ್ಮಿನಿಯಲ್ಲಿ ಇದ್ದದ್ದು ಕಾರ್ಬುರೇಟರ್. ಅದಕ್ಕೆ ಮೆದುಳಿಲ್ಲ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತೋ ಅಷ್ಟು ಎಳೆದುಕೊಳ್ಳುತ್ತೆ. ಗೇರಿನಲ್ಲಿ ಇಳಿಯುವಾಗ ಜೋರಾಗಿ ತಿರುಗುವ ಎಂಜಿನ್ನಿಗಿಂತ ನ್ಯೂಟ್ರಲಿನಲ್ಲಿ ಮೆಲ್ಲಗೆ ತಿರುಗುವ ಎಂಜಿನ್ ಕಮ್ಮಿ ಕುಡಿಯುತ್ತೆ. ಬೆಳಿಗ್ಗೆ ಚೋಕ್ ಎಳೆದು ಐದು ನಿಮಿಷ ಬಿಸಿ ಮಾಡಬೇಕಾದ್ದೂ ಆ ಕಾಲದ ಗಾಡಿಗೇ. 2000ನೇ ಇಸವಿಯ ಆಚೀಚೆ ಹೊಗೆಯ ನಿಯಮ ಬಿಗಿಯಾಗಿ ಕಾರುಗಳಲ್ಲಿ ಕಾರ್ಬುರೇಟರ್ ಹೋಯಿತು, ಇಂಜೆಕ್ಷನ್ ಬಂತು. ಗಾಡಿ ಬದಲಾಯಿತು, ದರ್ಬಾರಿನ ಮಾತು ಬದಲಾಗಲಿಲ್ಲ. ಆದರೆ ಕಾರ್ಬುರೇಟರ್ ಇದ್ದರೂ ಘಾಟಿಯಲ್ಲಿ ನ್ಯೂಟ್ರಲ್ ಮಾಡಿದರೆ ಬ್ರೇಕ್ ಕಾಯೋದು ತಪ್ಪಲ್ಲ. ಆ ಲೆಕ್ಕ ಪೆಟ್ರೋಲಿನದು ಮಾತ್ರ.

ಇದನ್ನೆಲ್ಲ ನಾನು ಉತ್ಸಾಹದಿಂದ ಕೊರೆಯುತ್ತಿದ್ದೆ. ಕೈಮರ ಬಂತು. ಸ್ನೇಹಿತ ಟೀ ತರೋಕೆ ಇಳಿದ. ಮಾವ ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಹೇಳಿದರು:

'ನಮ್ಮ ಓನರ್ರು ಪೆಟ್ರೋಲ್ ಲೆಕ್ಕ ಹಾಕಿ ಕೊಡೋರು ಕಣೋ. ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ. ಕಮ್ಮಿ ಬಂದ್ರೆ ಸಂಬಳದಲ್ಲಿ ಹಿಡಿಯೋರು. ಉಳಿಸಿದ್ರೆ ಉಳಿದದ್ದು ನಮ್ದು. ಎಲ್ಲಿ ಇಳಿಜಾರು ಸಿಕ್ಕಿದ್ರೂ ನ್ಯೂಟ್ರಲ್. ಬರೀ ನ್ಯೂಟ್ರಲ್ ಅಲ್ಲ, ಪ್ಯಾಸೆಂಜರ್ ಇಲ್ದಿದ್ರೆ ಎಂಜಿನ್ನೂ ಆಫ್ ಮಾಡ್ತಿದ್ದೆ. ಭಯ ಆಗ್ತಿರ್ಲಿಲ್ವಾ ಅಂತ ಕೇಳ್ಬೇಡ. ಆಗ್ತಿತ್ತು. ನಿಮ್ಮಮ್ಮನ ಮದುವೆಗೆ ಎರಡು ಬಳೆ ಮಾಡಿಸಿದ್ನಲ್ಲ... ಅದು ಸಂಬಳದ ದುಡ್ಡಲ್ಲ.'

ಆ ಬಳೆ ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಫೀಸಿಗೆ ಅಂತ ಎರಡು ಸಲ ಅಡವಿಗೆ ಹೋಗಿ ಬಂದಿವೆ. ಅಣ್ಣ–ತಂಗಿ ಸೆಂಟಿಮೆಂಟ್ ಸೀನು ಬಂದಾಗ ಹೊರಗೆ ಬೀಡಿ ಸೇದೋಕೆ ಎದ್ದು ಹೋಗುವ ಪೈಕಿ ನಾನು. ಅವತ್ತು ಎಲ್ಲಿಗೂ ಎದ್ದು ಹೋಗೋಕೆ ಆಗಲಿಲ್ಲ.

2024ರ ಡಿಸೆಂಬರಿನಲ್ಲಿ ಮತ್ತೆ ಧರ್ಮಸ್ಥಳಕ್ಕೆ ಹೋದೆವು. ಅದೇ ಬೆಂಕಿಪೊಟ್ಟಣ, ಅದೇ ಐದು ಜನ. ಹುಡುಗ ಮಾತ್ರ ಈಗ ತೊಡೆಯ ಮೇಲೆ ಹಿಡಿಸಲ್ಲ. ಹಿಂದಿನ ವಾರವಷ್ಟೇ ಬ್ರೇಕ್ ಆಯಿಲ್ ಬದಲಾಯಿಸಿದ್ದೆ, ಮಾವ ಎದುರಿಗೆ ನಿಂತು ಡಬ್ಬಿಯ ಸೀಲ್ ಒಡೆಯೋದನ್ನು ನೋಡಿದ್ದರು. ಅಣ್ಣಪ್ಪಸ್ವಾಮಿಗೆ ಕೈ ಮುಗಿದು ಬಂದು ಸೀಟಿನಲ್ಲಿ ಕೂತವರು ಬೆರಡೆರಳು ಎತ್ತಿ ತೋರಿಸಿದರು. ಎರಡನೇ ಗೇರು. ಎಂಜಿನ್ ಗೊರಗೊರ ಅನ್ನುತ್ತಾ ಗಾಡಿಯನ್ನು ಹಿಡಿದುಕೊಂಡೇ ಇಳಿಸಿತು. ಬ್ರೇಕನ್ನು ತಿರುವು ಬಂದಾಗ ಮಾತ್ರ ಒಂದೊಂದು ಸಲ ಒತ್ತಿದೆ. ಎಲ್ಲೂ ಸುಟ್ಟ ವಾಸನೆ ಬರಲಿಲ್ಲ.

ಆದರೂ ಆ ಸದ್ದು ಮಾವನಿಗೆ ಹಿಡಿಸಲಿಲ್ಲ ಅಂತ ಕಾಣುತ್ತೆ. ಉಜಿರೆಯಲ್ಲಿ ಟೀಗೆ ನಿಲ್ಲಿಸಿದಾಗ ಎಲ್ಲರಿಗಿಂತ ಮೊದಲು ಪೆಟ್ರೋಲ್ ಮುಳ್ಳಿನ ಕಡೆ ಬಗ್ಗಿ ನೋಡಿದರು.

'ಎಷ್ಟು ಕುಡೀತೋ ಅಳಿಯ?'